ಹದಿನಾಲ್ಕು ಲಕ್ಷಣಗಳ ಪಟ್ಟಿ: ಇದನ್ನ ನಂಬಬಹುದಾ?

ಚಾಕ್‌ಪೀಸ್ | ಸೋಮವಾರ ರಾತ್ರಿ 9.40

ನಾನು ದಾವಣಗೆರೆ ಕಡೆಯ ಒಂದು ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳಿಕೊಡ್ತೀನಿ. ಮೊನ್ನೆ ಶನಿವಾರ ತಾಲ್ಲೂಕು ಕೇಂದ್ರದಲ್ಲಿ ಆತ್ಮಹತ್ಯೆ ತಡೆಯೋ ಬಗ್ಗೆ ಅರ್ಧ ದಿನದ ತರಬೇತಿ ಇತ್ತು. ಉಪ್ಪಿಟ್ಟು, ಕೇಸರಿಬಾತು, ಒಂದು ಪ್ರತಿಜ್ಞೆ, ಕೊನೆಗೆ ಕೈಗೊಂದು ಜೆರಾಕ್ಸ್ ಹಾಳೆ. ಅದರಲ್ಲಿ ಹದಿನಾಲ್ಕು ಲಕ್ಷಣ. ಒಂಟಿಯಾಗಿ ಕೂರುವುದು, ನಿದ್ದೆ ಬಾರದಿರುವುದು, ಊಟ ಬಿಡುವುದು, ಓದಿನಲ್ಲಿ ಹಿಂದೆ ಬೀಳುವುದು, ಇಷ್ಟದ ವಸ್ತು ಬೇರೆಯವರಿಗೆ ಕೊಟ್ಟುಬಿಡುವುದು, ಹೀಗೆ. ಪಕ್ಕದಲ್ಲಿ ಟಿಕ್ ಹಾಕೋಕೆ ಚೌಕ. ನಾಲ್ಕು ದಾಟಿದರೆ ‘ಅಪಾಯದಲ್ಲಿರುವ ವಿದ್ಯಾರ್ಥಿ’, ಪ್ರಿನ್ಸಿಪಾಲರಿಗೆ ತಿಳಿಸಿ.

ಇವತ್ತು ಬಿ ಸೆಕ್ಷನ್ನಿಗೆ ಟೆಸ್ಟ್ ಕೊಟ್ಟು, ಹಿಂದಿನ ಬೆಂಚಿನಲ್ಲಿ ಕೂತು ಹಾಳೆ ಬಿಡಿಸಿದೆ. 62 ಮಕ್ಕಳು. 23 ಜನಕ್ಕೆ ನಾಲ್ಕು ದಾಟಿತು. ಪರೀಕ್ಷೆ ಹತ್ತಿರ ಬಂದಾಗ ಯಾರಿಗೆ ನಿದ್ದೆ ಬರುತ್ತೆ? ಹಾಸ್ಟೆಲ್ ಊಟ ಯಾರು ಬಿಡಲ್ಲ? ನನಗೇ ಹಾಕ್ಕೊಂಡಿದ್ರೆ ಐದು ಟಿಕ್ ಬೀಳ್ತಿತ್ತು.

ಇನ್ನೊಂದು ವಿಷಯ ಬರೀಲೋ ಬೇಡವೋ ಅಂತ ಸಂಜೆಯಿಂದ ಯೋಚಿಸ್ತಿದ್ದೆ. ಎರಡು ವರ್ಷದ ಹಿಂದೆ ನಮ್ಮ ಹುಡುಗನೊಬ್ಬ ಹೋಗಿಬಿಟ್ಟ. ಹಿಂದಿನ ದಿನ ಲ್ಯಾಬ್ ರೆಕಾರ್ಡಿಗೆ ನನ್ನಿಂದ ಸಹಿ ಹಾಕಿಸಿಕೊಂಡಿದ್ದ. ‘ಸರ್, ಡೇಟ್ ಹಾಕಿಲ್ಲ’ ಅಂತ ವಾಪಸ್ ಬಂದು ಡೇಟನ್ನೂ ಹಾಕಿಸಿಕೊಂಡ. ಇವತ್ತು ಅವನನ್ನ ನೆನೆಸ್ಕೊಂಡು ಆ ಹಾಳೆ ಮೇಲಿಂದ ಕೆಳಗೆ ಓದಿದೆ. ಒಂದು ಟಿಕ್ಕೂ ಇಲ್ಲ.

ನನಗೆ ಕಾಣಲಿಲ್ವಾ, ಇಲ್ಲಾ ಕಾಣೋಕೆ ಏನೂ ಇರಲಿಲ್ವಾ? ಈ ಪಟ್ಟಿಗಳ ಹಿಂದೆ ನಿಜವಾದ ಸಂಶೋಧನೆ ಇದೆಯಾ? ತಿಳಿದವರು ಹೇಳಿ.

ನಿರ್ವಾಹಕ | ರಾತ್ರಿ 9.55

ಚರ್ಚೆ ನಡೀಲಿ, ಎರಡು ಮಾತು ನೆನಪಿರಲಿ. ಹೇಗೆ ಅನ್ನೋ ವಿವರ ಯಾರೂ ಬರೀಬೇಡಿ. ಹೆಸರು, ಊರು ಗುರುತಾಗೋ ಹಾಗೆ ಬರೀಬೇಡಿ. ಇದನ್ನ ಓದ್ತಿರೋ ನಿಮಗೇ ಈಗ ತಡೆಯೋಕಾಗ್ತಿಲ್ಲ ಅಂದ್ರೆ ಓದೋದು ಆಮೇಲಾಗಲಿ, 14416ಕ್ಕೆ ಫೋನ್ ಮಾಡಿ. ಸರ್ಕಾರದ ಟೆಲಿ-ಮಾನಸ್, ಮನಸ್ಸಿನ ಆರೋಗ್ಯದ ಸಹಾಯವಾಣಿ. ದುಡ್ಡಿಲ್ಲ, ರಾತ್ರಿ ಹಗಲು ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು. ಕೈಮೀರೋ ಹಾಗಿದ್ರೆ 112.

ಅಂಕಿಗಣಪ | ರಾತ್ರಿ 10.30

ಮೇಷ್ಟ್ರೇ, ನಿಮ್ಮ ಅನುಮಾನ ಸರಿಯಾಗೇ ಇದೆ. ನಾನು ಮನಶ್ಶಾಸ್ತ್ರದಲ್ಲಿ ಪಿಎಚ್‌ಡಿ ಮಾಡ್ತಿದ್ದೀನಿ, ಮೈಸೂರು. ನಮ್ಮ ಕ್ಷೇತ್ರಕ್ಕೇ ಮುಜುಗರ ತಂದ ಒಂದು ಪ್ರಬಂಧ ಇದೆ, 2017ರದ್ದು. ಜೋಸೆಫ್ ಫ್ರಾಂಕ್ಲಿನ್ ಮತ್ತವರ ಜೊತೆಯವರು 50 ವರ್ಷದಲ್ಲಿ ಬಂದ 365 ಅಧ್ಯಯನ ಒಟ್ಟುಹಾಕಿ ನೋಡಿದರು. ಖಿನ್ನತೆ, ಹತಾಶೆ, ಹಿಂದಿನ ಯತ್ನ, ಕುಡಿತ, ಯಾವುದನ್ನೇ ಒಂಟಿಯಾಗಿ ಹಿಡಿದು ‘ಇಂಥವರು ಮುಂದೆ ಹೀಗೆ ಮಾಡ್ಕೋತಾರೆ’ ಅಂತ ಹೇಳಹೊರಟರೆ, ಅದು ನಾಣ್ಯ ಚಿಮ್ಮಿ ಹೇಳಿದ್ದಕ್ಕಿಂತ ಒಂಚೂರು ಮೇಲು, ಅಷ್ಟೆ. ಐವತ್ತು ವರ್ಷದಲ್ಲಿ ಆ ಊಹೆ ಸುಧಾರಿಸಿಯೂ ಇರಲಿಲ್ಲ.

ಯಾಕೆ ಹೀಗೆ ಅನ್ನೋದಕ್ಕೆ ಒಂದು ಲೆಕ್ಕ. ದೇಶದಲ್ಲಿ 2022ರಲ್ಲಿ ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ, ಅಂದ್ರೆ ಎನ್‌ಸಿಆರ್‌ಬಿ ದಾಖಲಿಸಿದ್ದು 1,70,924 ಆತ್ಮಹತ್ಯೆ, ಅಂದ್ರೆ ಲಕ್ಷಕ್ಕೆ 12.4. ಒಂದು ಲಕ್ಷ ಜನರಿರೋ ಪ್ರದೇಶ ತಗೊಳ್ಳಿ, ವರ್ಷಕ್ಕೆ ಸುಮಾರು 12 ಜನ. ಈಗ ಯಾರ ಹತ್ತಿರಾನೂ ಇಲ್ಲದಂಥ ಒಳ್ಳೇ ಪರೀಕ್ಷೆ ನಿಮ್ಮ ಹತ್ತಿರ ಇದೆ ಅಂದ್ಕೊಳ್ಳಿ. ಅಪಾಯ ಇರೋ ನೂರರಲ್ಲಿ 80 ಜನರನ್ನ ಹಿಡಿಯುತ್ತೆ, ಇಲ್ಲದ ನೂರರಲ್ಲಿ ಬರೀ 10 ಜನರ ವಿಷಯದಲ್ಲಿ ತಪ್ಪುತ್ತೆ. ಅಂಥದ್ದೂ ನಿಮ್ಮ ಕೈಗೆ ಕೊಡೋದು ಹತ್ತು ಸಾವಿರ ಹೆಸರು. ಅದರೊಳಗೆ ಆ ಹತ್ತು ಜನ ಎಲ್ಲೋ ಇರ್ತಾರೆ. ಇನ್ನಿಬ್ಬರು ಪಟ್ಟಿಯ ಆಚೆ ಇರ್ತಾರೆ.

ನಿಮ್ಮ 23 ಜನ ಬಂದದ್ದು ಹಾಗೆ. ಆ ಹುಡುಗನಿಗೆ ಟಿಕ್ ಬೀಳದೇ ಇದ್ದದ್ದೂ ಹಾಗೇ ಇರಬಹುದು.

ಸುಮ್ನಿರೋನು | ರಾತ್ರಿ 10.34

ಹಂಗಾದ್ರೆ ತರಬೇತಿ, ಉಪ್ಪಿಟ್ಟು ಎಲ್ಲಾ ದಂಡ ಅಂತಾಯ್ತು.

ಲೆಸ್ಟರ್‌ನಿಂದ ಲಲಿತೆ | ರಾತ್ರಿ 11.10

ಉಪ್ಪಿಟ್ಟು ದಂಡ ಅಲ್ಲ ಬಿಡಿ. ನಾನಿಲ್ಲಿ ಇಂಗ್ಲೆಂಡಿನಲ್ಲಿ ನರ್ಸ್. ಮೊದಲು ಪ್ರತಿ ಪೇಷಂಟಿಗೂ ಅಂಕ ಹಾಕಿ ಕಡಿಮೆ, ಮಧ್ಯಮ, ಹೆಚ್ಚು ಅಂತ ಬರೀತಿದ್ವಿ. 2022ರಲ್ಲಿ ಇಲ್ಲಿ ಚಿಕಿತ್ಸೆಗೆ ಮಾರ್ಗಸೂಚಿ ಮಾಡೋ ನೈಸ್ ಸಂಸ್ಥೆ ಹೊಸದೊಂದು ತಂತು. ಮುಂದೇನಾಗುತ್ತೆ ಅಂತ ಊಹಿಸೋಕೆ ಅಂಕಪಟ್ಟಿ ಬಳಸಬೇಡಿ, ಆ ಮೂರು ಡಬ್ಬಕ್ಕೆ ಜನರನ್ನ ಹಾಕಬೇಡಿ, ಆ ಅಂಕ ನೋಡಿ ಚಿಕಿತ್ಸೆ ಕೊಡಬೇಕೋ ಬೇಡವೋ ಅಂತ ತೀರ್ಮಾನ ಮಾಡಬೇಡಿ ಅಂತ. ‘ಕಡಿಮೆ’ ಅಂತ ಬರೆದ ತಕ್ಷಣ ಮನುಷ್ಯನನ್ನ ಮನೆಗೆ ಕಳಿಸ್ತೀವಲ್ಲ, ತೊಂದರೆ ಅಲ್ಲೇ ಇತ್ತು. ಈಗ ಅಂಕದ ಬದಲು ಮಾತು. ಸಮಯ ಜಾಸ್ತಿ ಹಿಡಿಯುತ್ತೆ, ಮೇಲಿನವರಿಗೆ ಸಿಡಿಮಿಡಿ.

ಒಪಿಡಿ ಅಕ್ಕ | ಮಂಗಳವಾರ ಬೆಳಗ್ಗೆ 7.15

ಹನ್ನೊಂದು ವರ್ಷದಿಂದ ಸೈಕಿಯಾಟ್ರಿಕ್ ಸೋಷಿಯಲ್ ವರ್ಕರ್ ಆಗಿದ್ದೀನಿ. ಡ್ಯೂಟಿಗೆ ಹೋಗೋ ಮುಂಚೆ ಬರೀತಿದ್ದೀನಿ, ತಪ್ಪಿದ್ರೆ ಕ್ಷಮಿಸಿ.

ಮೇಷ್ಟ್ರೇ, ಪಟ್ಟಿ ಭವಿಷ್ಯ ಹೇಳಲ್ಲ, ನಿಜ. ಆದರೆ ಮಾತಾಡಿಸೋಕೆ ಒಂದು ನೆವ ಅಂತ ಇಟ್ಕೊಂಡ್ರೆ ಅದಕ್ಕೂ ಬೆಲೆ ಇದೆ. ಟಿಕ್ ಹಾಕಿ ಪ್ರಿನ್ಸಿಪಾಲರಿಗೆ ಕಳಿಸೋದು ಬಿಟ್ಟು, ಆ ಹುಡುಗನ ಪಕ್ಕ ಹೋಗಿ ಕೂರಿ.

‘ಕೇಳಿದ್ರೆ ಇಲ್ಲದ ಯೋಚನೆ ತಲೆಗೆ ಹಾಕಿದ ಹಾಗಾಗಲ್ವಾ?’ ಅಂತ ಎಲ್ಲ ತರಬೇತಿಯಲ್ಲೂ ಒಬ್ಬರು ಕೇಳ್ತಾರೆ. ಇದನ್ನ ಪರೀಕ್ಷೆ ಮಾಡಿಯೇ ನೋಡಿದ್ದಾರೆ. ನ್ಯೂಯಾರ್ಕ್ ರಾಜ್ಯದ ಆರು ಹೈಸ್ಕೂಲುಗಳ 2,342 ಮಕ್ಕಳು. ಅರ್ಧದಷ್ಟು ಮಕ್ಕಳಿಗೆ ಸಾಯೋ ಯೋಚನೆ ಬಗ್ಗೆ ನೇರ ಪ್ರಶ್ನೆ, ಉಳಿದವರಿಗೆ ಆ ಪ್ರಶ್ನೆ ಇಲ್ಲ. ಮ್ಯಾಡಲಿನ್ ಗೌಲ್ಡ್ ತಂಡ 2005ರಲ್ಲಿ ಪ್ರಕಟಿಸಿದ್ದು. ಕೇಳಿಸಿಕೊಂಡವರಿಗೆ ಸಂಕಟ ಹೆಚ್ಚಾಗಲಿಲ್ಲ, ಯೋಚನೆಯೂ ಹೆಚ್ಚಾಗಲಿಲ್ಲ. ಮೊದಲೇ ಖಿನ್ನತೆ ಇದ್ದ ಮಕ್ಕಳಿಗೆ ಸ್ವಲ್ಪ ಹಗುರವೇ ಆಗಿತ್ತು.

ಆದರೆ ಹೇಗೆ ಕೇಳ್ತೀವಿ ಅನ್ನೋದು ಮುಖ್ಯ. ನಮ್ಮ ಜನ ಕೇಳೋ ರೀತಿ ಗೊತ್ತಲ್ಲ, ‘ಏನೂ ಹೆಚ್ಚುಕಮ್ಮಿ ಮಾಡ್ಕೊಳ್ಳಲ್ಲ ತಾನೆ?’ ಹೀಗೆ ಕೇಳಿದ್ರೆ ‘ಇಲ್ಲ ಸರ್’ ಅನ್ನೋದು ಬಿಟ್ಟು ಬೇರೆ ಉತ್ತರಕ್ಕೆ ಜಾಗವೇ ಇಲ್ಲ. ನಾನು ಹೀಗೆ ಶುರು ಮಾಡ್ತೀನಿ: ‘ಇಷ್ಟೆಲ್ಲ ಒಂದೇ ಸಲ ಬಂದ್ರೆ ಕೆಲವರಿಗೆ ಸತ್ತುಹೋದ್ರೆ ಸಾಕು ಅನ್ಸುತ್ತೆ. ನಿನಗೆ ಹಾಗೆ ಅನ್ಸಿದ್ದುಂಟಾ?’ ಕೇಳಿ ಸುಮ್ಮನಿರಬೇಕು. ಆ ಸುಮ್ಮನಿರೋದೇ ಕಷ್ಟ. ಹತ್ತು ಸೆಕೆಂಡ್ ಒಂದು ಗಂಟೆ ಥರ ಇರುತ್ತೆ.

ಇನ್ನೊಂದು. ಒಪಿಡಿಯಲ್ಲಿ ಯಾರೂ ‘ನನಗೆ ಆತ್ಮಹತ್ಯಾ ಆಲೋಚನೆಗಳಿವೆ’ ಅಂತ ಬರಲ್ಲ. ‘ಸಾಕಾಗಿದೆ ಮೇಡಂ’ ಅಂತಾರೆ. ‘ಎತ್ಲಾಗಾದ್ರೂ ಹೋಗಿಬಿಡ್ತೀನಿ’ ಅಂತಾರೆ. ವಯಸ್ಸಾದವರು ‘ದೇವರು ಇನ್ನೂ ಕರ್ಕೊಂಡಿಲ್ಲ’ ಅಂತಾರೆ. ಎಲ್ಲಕ್ಕಿಂತ ಹೆಚ್ಚು ಕೇಳೋದು: ‘ಕೂಳಿಗೆ ದಂಡ, ಭೂಮಿಗೆ ಭಾರ.’ ಥಾಮಸ್ ಜಾಯ್ನರ್ ಅಂತ ಅಮೆರಿಕದ ಮನಶ್ಶಾಸ್ತ್ರಜ್ಞರು 2005ರಲ್ಲಿ ಒಂದು ಸಿದ್ಧಾಂತ ಮುಂದಿಟ್ಟರು. ನಾನು ಯಾರಿಗೂ ಬೇಕಾದವನಲ್ಲ ಅನ್ನೋ ಭಾವ, ನಾನು ಎಲ್ಲರಿಗೂ ಹೊರೆ ಅನ್ನೋ ಭಾವ, ಇವೆರಡು ಒಟ್ಟಿಗೆ ಕೂತಾಗ ಸಾಯೋ ಬಯಕೆ ಹುಟ್ಟುತ್ತೆ, ಅದರ ಜೊತೆಗೆ ಸಾವಿನ ಹೆದರಿಕೆಯೂ ಸವೆದುಹೋದಾಗ ಅಪಾಯ ಹೆಚ್ಚು ಅಂತ. ಮೊದಲ ಸಲ ಓದಿದಾಗ ನಕ್ಕುಬಿಟ್ಟೆ. ಆ ಹೊರೆಯ ಮಾತನ್ನೇ ‘ಭೂಮಿಗೆ ಭಾರ’ ಅಂತ ನಮ್ಮಜ್ಜಿ ಊರಿನ ಸೋಮಾರಿಗಳಿಗೆ ಬೈಗುಳವಾಗಿ ಬಳಸ್ತಿದ್ದಳು. ಬೈಸಿಕೊಂಡವರು ಅದನ್ನ ಎಷ್ಟು ವರ್ಷ ಹೊತ್ತಿರ್ತಾರೆ ಅಂತ ಗೊತ್ತಾಗಿದ್ದು ಕೆಲಸಕ್ಕೆ ಸೇರಿದ ಮೇಲೆ.

ಬಸ್ ಬಂತು.

ಹಳೇ ತಲೆ | ಬೆಳಗ್ಗೆ 8.02

ಎಲ್ಲಾ ಸರಿ. ಈಗಿನ ಮಕ್ಕಳಿಗೆ ತಾಳ್ಮೆ ಇಲ್ಲ, ಅದು ಮೂಲ. ನಮ್ಮ ಕಾಲದಲ್ಲಿ ಫೇಲಾದ್ರೆ ಅಪ್ಪ ಎರಡು ಬಾರಿಸ್ತಿದ್ರು, ಮುಗೀತು. ಮೊಬೈಲ್ ಕಿತ್ಕೊಳ್ಳಿ.

ಅಂಕಿಗಣಪ | ಬೆಳಗ್ಗೆ 8.20

ಹಿರಿಯರೇ, 2022ರ ಅದೇ ಎನ್‌ಸಿಆರ್‌ಬಿ ವರದಿಯಲ್ಲಿ ವಿದ್ಯಾರ್ಥಿಗಳು 13,044. ದಿನಗೂಲಿಯವರೇ ನೂರಕ್ಕೆ 26ಕ್ಕಿಂತ ಹೆಚ್ಚು. ಗೃಹಿಣಿಯರು 25 ಸಾವಿರ ದಾಟಿದ್ದಾರೆ. ದಿನಗೂಲಿಗೆ ಹೋಗೋರಿಗೆ ತಾಳ್ಮೆ ಇಲ್ಲ ಅಂತ ನೀವೂ ಹೇಳಲ್ಲ ಅಂದ್ಕೊಂಡಿದ್ದೀನಿ.

ಕಾನೂರು ಅಡಿಕೆ | ಬೆಳಗ್ಗೆ 11.45

ಇಲ್ಲಿ ಬರೆಯೋದು ಇದೇ ಮೊದಲು. ಒಪಿಡಿ ಅಕ್ಕ ಬರೆದದ್ದು ಓದಿ ಬರೀತಿದ್ದೀನಿ.

ಆರು ವರ್ಷದ ಹಿಂದೆ ನಾನು ಆಸ್ಪತ್ರೆಯಲ್ಲಿ ಕಣ್ಣುಬಿಟ್ಟೆ. ಯಾವ ಆಸ್ಪತ್ರೆ, ಏನಾಗಿತ್ತು, ಬೇಡ. ಐದನೇ ದಿನ ಡಿಸ್ಚಾರ್ಜ್. ಬಿಲ್ಲು, ಹತ್ತು ದಿನದ ಮಾತ್ರೆ, ‘ಇನ್ನು ಮೇಲೆ ಹಿಂಗೆಲ್ಲ ಮಾಡ್ಕೋಬೇಡಿ, ತಂದೆತಾಯಿ ಮುಖ ನೋಡಿ’ ಅನ್ನೋ ಒಂದು ಮಾತು. ತಂದೆತಾಯಿ ಮುಖ ನೋಡಿಯೇ ಅಷ್ಟು ದಿನ ತಡೆದಿದ್ದೆ ಅಂತ ಹೇಳಬೇಕು ಅನ್ನಿಸ್ತು. ಹೇಳಲಿಲ್ಲ.

ಮನೆಗೆ ಬಂದೆ. ಅಡುಗೆಮನೆಯಲ್ಲಿ ಚಾಕು ಇರಲಿಲ್ಲ. ಅಮ್ಮ ಬೀನ್ಸನ್ನ ಕೈಯಲ್ಲಿ ಮುರೀತಿದ್ಲು. ನೆಂಟರು ಬಂದ್ರು, ಮಳೆ ಬಗ್ಗೆ, ಅಡಿಕೆ ರೇಟಿನ ಬಗ್ಗೆ ಮಾತಾಡಿದ್ರು. ಜ್ವರ ಬಂದಿತ್ತು ಅಂತ ಊರಿಗೆಲ್ಲ ಹೇಳಿದ್ವಿ. ನನ್ನ ಹತ್ತಿರ ಯಾರೂ ಅದರ ಬಗ್ಗೆ ಮಾತಾಡಲೇ ಇಲ್ಲ. ಒಳ್ಳೇದಕ್ಕೇ ಹಾಗೆ ಮಾಡಿದ್ರು, ಗೊತ್ತು.

ಆಮೇಲೆ ಒಂದು ಗುರುವಾರ ಫೋನ್ ಬಂತು. ಆಸ್ಪತ್ರೆಯಲ್ಲಿ ಒಂದೇ ಸಲ ಮಾತಾಡಿಸಿದ್ದ ಕೌನ್ಸೆಲರ್. ‘ಊಟ ಆಯ್ತಾ? ಮಾತ್ರೆ ನುಂಗಿದ್ರೆ ಬಾಯಿ ಒಣಗುತ್ತಾ? ರಾತ್ರಿ ಯಾವುದು ಕಷ್ಟ, ಹತ್ತು ಗಂಟೆನಾ, ಮೂರು ಗಂಟೆನಾ?’ ಮೂರು ಗಂಟೆ ಅಂದೆ. ‘ಹ್ಞೂಂ, ಬಹಳ ಜನ ಮೂರು ಅಂತಾರೆ’ ಅಂದ್ರು. ನಾಲ್ಕು ನಿಮಿಷ ಆಗಿರಬಹುದು. ಮುಂದಿನ ಗುರುವಾರವೂ ಬಂತು. ಆಮೇಲೆ ಹದಿನೈದು ದಿನಕ್ಕೆ, ಆಮೇಲೆ ತಿಂಗಳಿಗೆ.

ಎರಡನೇ ಕಾಲ್‌ನಲ್ಲಿ ಅವರು ಹೇಳಿದ ಹಾಗೆ ಕ್ಯಾಲೆಂಡರಿನ ಹಳೇ ಹಾಳೆ ಹಿಂದೆ ಬರ್ಕೊಂಡೆ. ಈಗಲೂ ಮೊಬೈಲ್ ಕವರಿನೊಳಗಿದೆ, ಮಡಿಕೆಯ ಕಡೆ ಹರಿದಿದೆ. ನೋಡ್ಕೊಂಡು ಬರೀತೀನಿ:

ಶುರುವಾಗೋದು ಹೇಗೆ: ಸ್ನಾನ ಬೇಡ ಅನ್ಸುತ್ತೆ. ಅಣ್ಣನ ಸಂಬಳದ ಲೆಕ್ಕ ತಲೇಲಿ ಓಡುತ್ತೆ.
ನಾನೇ ಮಾಡಬಹುದಾದ್ದು: ಎದ್ದು ಹಂಡೆ ಒಲೆ ಉರಿ ಹಾಕೋದು. ನಾಯಿ ಕರ್ಕೊಂಡು ಕೆರೆ ಏರಿ ತನಕ.
ಜನ ಇರೋ ಜಾಗ: ಮಾವನ ಅಂಗಡಿ. ಮಾತಾಡಬೇಕಿಲ್ಲ, ಚೀಲ ಹೊಲಿದ್ರೆ ಸಾಕು.
ಹೇಳ್ಕೊಳ್ಳೋದು ಯಾರಿಗೆ: ಇಬ್ಬರ ನಂಬರ್.
ಅದೂ ಆಗದಿದ್ರೆ: ಕೌನ್ಸೆಲರ್ ನಂಬರ್, ಆಸ್ಪತ್ರೆ ನಂಬರ್.
ಮನೇಲಿ ಏನು ಎತ್ತಿಡಬೇಕು, ಯಾರು: ಅಣ್ಣ.

ಹಂಡೆ ಒಲೆಗೆ ಉರಿ ಹಾಕೋದು ಏನು ಮಹಾ ಅಂತ ನಿಮಗೆ ಅನ್ನಿಸಬಹುದು. ಮೂರು ಗಂಟೆಗೆ ಎದ್ದು ಕಡ್ಡಿ ಗೀರಿ, ತೆಂಗಿನಗರಿ ಹತ್ತಿಸಿ, ಹೊಗೆ ಕಣ್ಣಿಗೆ ಹೋಗಿ, ಬೆಂಕಿ ಹಿಡಿಯೋ ಹೊತ್ತಿಗೆ ನಾಲ್ಕೂಕಾಲು. ಹಾಲು ಕರೆಯೋಕೆ ಅಮ್ಮ ಏಳ್ತಾಳೆ. ರಾತ್ರಿ ಕಳೀತು.

ಒಪಿಡಿ ಅಕ್ಕ | ಮಧ್ಯಾಹ್ನ 2.10

ಕಾನೂರು, ಊಟದ ಡಬ್ಬಿ ಮುಂದಿಟ್ಕೊಂಡು ಓದಿದೆ. ಬರೆದದ್ದಕ್ಕೆ ನಿಮಗೆ ದೊಡ್ಡ ನಮಸ್ಕಾರ.

ಬೇರೆಯವರಿಗೆ: ಅವರ ಕ್ಯಾಲೆಂಡರ್ ಹಾಳೆಯಲ್ಲಿರೋದಕ್ಕೆ ಸುರಕ್ಷತಾ ಯೋಜನೆ ಅಂತೀವಿ. ಬಾರ್ಬರಾ ಸ್ಟ್ಯಾನ್ಲಿ, ಗ್ರೆಗರಿ ಬ್ರೌನ್ ರೂಪಿಸಿದ್ದು, ಆರು ಹಂತ. 2018ರಲ್ಲಿ ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳ ತುರ್ತು ವಿಭಾಗಕ್ಕೆ ಬಂದ 1,640 ಜನರ ಮೇಲೆ ಅದರ ಫಲಿತಾಂಶ ಬಂತು. ಈ ಯೋಜನೆ ಬರೆಸಿ, ಆಮೇಲೆ ಫೋನ್ ಮಾಡುತ್ತಾ ಬಂದವರಲ್ಲಿ ಮುಂದಿನ ಆರು ತಿಂಗಳು ಆತ್ಮಹತ್ಯಾ ವರ್ತನೆ, ಮಾಮೂಲಿ ಚಿಕಿತ್ಸೆ ಪಡೆದವರಿಗಿಂತ ನೂರಕ್ಕೆ 45ರಷ್ಟು ಕಡಿಮೆ.

ನಮ್ಮ ಪಕ್ಕದ ಚೆನ್ನೈನಲ್ಲಿ ಇದಕ್ಕಿಂತ ಮೊದಲೇ ಆದದ್ದಿದೆ. ವಿಶ್ವ ಆರೋಗ್ಯ ಸಂಸ್ಥೆ ಐದು ಊರು ಆರಿಸ್ತು: ಬ್ರೆಜಿಲ್‌ನ ಕಾಂಪಿನಾಸ್, ಚೆನ್ನೈ, ಕೊಲಂಬೊ, ಇರಾನಿನ ಕರಜ್, ಚೀನಾದ ಯುಂಚೆಂಗ್. ಯತ್ನ ಮಾಡಿ ಆಸ್ಪತ್ರೆಗೆ ಬಂದ 1,867 ಜನ. ಅರ್ಧ ಜನಕ್ಕೆ ಮಾಮೂಲಿ ಚಿಕಿತ್ಸೆ. ಉಳಿದವರಿಗೆ ಅದರ ಜೊತೆ ಡಿಸ್ಚಾರ್ಜ್ ಹೊತ್ತಿಗೆ ಒಂದು ಗಂಟೆ ಮಾತು, ಆಮೇಲೆ 18 ತಿಂಗಳಲ್ಲಿ ಒಂಬತ್ತು ಸಲ ಫೋನೋ ಮನೆ ಭೇಟಿಯೋ. ಅಷ್ಟೇ. 2008ರಲ್ಲಿ ಲೆಕ್ಕ ಹಾಕಿದಾಗ ಮಾಮೂಲಿ ಗುಂಪಿನಲ್ಲಿ ಆತ್ಮಹತ್ಯೆಯಿಂದ ಹೋದವರು ನೂರಕ್ಕೆ 2.2, ಮಾತಾಡಿಸಿದ ಗುಂಪಿನಲ್ಲಿ 0.2. ಫೋನ್ ಮಾಡಿದವರು ದೊಡ್ಡ ಡಾಕ್ಟರೇ ಆಗಬೇಕು ಅಂತೇನೂ ಇರಲಿಲ್ಲ, ಅನುಭವ ಇರೋ ನರ್ಸು, ಮನಶ್ಶಾಸ್ತ್ರಜ್ಞರು ಸಾಕಿತ್ತು.

ಡಿಸ್ಚಾರ್ಜ್ ಆದ ಮೊದಲ ಮೂರು ತಿಂಗಳು ಅತಿ ಅಪಾಯದ ಕಾಲ. ಮನೋರೋಗ ವಾರ್ಡುಗಳಿಂದ ಮನೆಗೆ ಹೋದವರ ಬಗೆಗಿನ ನೂರು ಅಧ್ಯಯನ ಸೇರಿಸಿ 2017ರಲ್ಲಿ ನೋಡಿದ್ದಾರೆ, ಅದರಲ್ಲೂ ಇದೇ ಬಂತು. ನಾವೋ, ಬಿಲ್ ಕಟ್ಟಿಸಿಕೊಂಡು ಗೇಟ್ ತನಕ ಕಳಿಸಿ ‘ಹುಷಾರು’ ಅಂತೀವಿ.

ಅಂಕಿಗಣಪ | ಮಧ್ಯಾಹ್ನ 2.40

ಅಕ್ಕ ಹೇಳಿದ್ದಕ್ಕೆ ಒಂದು ಅಡ್ಡಮಾತು, ಬೈಬೇಡಿ. ಸಂಪರ್ಕ ಇಟ್ಕೊಂಡ್ರೆ ಸಾಕು ಅನ್ನೋದು ಎಲ್ಲ ಕಡೆ ಒಂದೇ ಥರ ಫಲ ಕೊಟ್ಟಿಲ್ಲ. ಸ್ಯಾನ್‌ಫ್ರಾನ್ಸಿಸ್ಕೋದ ಜೆರೋಮ್ ಮೊಟ್ಟೊ ಅನ್ನೋ ವೈದ್ಯರು ಚಿಕಿತ್ಸೆ ಬೇಡ ಅಂದ, ಇಲ್ಲವೇ ಅರ್ಧಕ್ಕೆ ಬಿಟ್ಟ 843 ಜನರಲ್ಲಿ ಅರ್ಧದಷ್ಟು ಜನಕ್ಕೆ ಐದು ವರ್ಷ ಪುಟ್ಟ ಪುಟ್ಟ ಕಾಗದ ಬರೆಸಿದರು. ‘ನೀವು ಹೇಗಿದ್ದೀರಿ ಅಂತ ತಿಳಿಯುವ ಆಸೆ’ ಅನ್ನೋ ಥರದ್ದು, ಬೇರೆ ಏನನ್ನೂ ಕೇಳದ ಕಾಗದ. ಮೊದಲ ಎರಡು ವರ್ಷ ಆ ಗುಂಪಿನಲ್ಲಿ ಸಾವು ಕಡಿಮೆ ಇತ್ತು. ಆಮೇಲೆ ಆಸ್ಟ್ರೇಲಿಯಾದ ನ್ಯೂಕ್ಯಾಸಲ್‌ನಲ್ಲಿ 772 ಜನಕ್ಕೆ ವರ್ಷದಲ್ಲಿ ಎಂಟು ಪೋಸ್ಟ್‌ಕಾರ್ಡ್ ಕಳಿಸಿ ನೋಡಿದರು. ಮತ್ತೆ ಆಸ್ಪತ್ರೆಗೆ ಬಂದವರ ಸಂಖ್ಯೆ ಹೆಚ್ಚೇನೂ ಇಳಿಯಲಿಲ್ಲ, ಆದರೆ ಒಬ್ಬೊಬ್ಬರು ಎಷ್ಟು ಸಲ ಬಂದರು ಅನ್ನೋದು ಇಳೀತು. ಹಾಗಾಗಿ ಕಾರ್ಡು ಮಂತ್ರದಂಡ ಅಲ್ಲ. ಬೇರೇನೂ ಸಿಗದ ಕಡೆ ಬಹುಶಃ ಹೆಚ್ಚು ಕೆಲಸ ಮಾಡುತ್ತೆ ಅನ್ನೋದು ನನ್ನ ಊಹೆ.

ಬಸಣ್ಣ ಆಗ್ರೊ | ಸಂಜೆ 6.30

ನಮಸ್ಕಾರ್ರೀ ಎಲ್ಲಾರಿಗೂ. ನಾ ಹಾವೇರಿ ಜಿಲ್ಲಾದವ. ಬೀಜ, ಗೊಬ್ಬರ, ಎಣ್ಣಿ ಮಾರೋ ಅಂಗಡಿ ಐತ್ರಿ. ಎಣ್ಣಿ ಅಂದ್ರ ನಮ್ಮ ಕಡಿ ಬೆಳಿಗೆ ಹೊಡಿಯೋ ಔಷಧ, ಬೆಂಗ್ಳೂರಿನವ್ರು ಬ್ಯಾರೆ ತಿಳ್ಕೋಬ್ಯಾಡ್ರಿ.

ನೀವೆಲ್ಲ ಮನಸ್ಸಿಂದು ಮಾತಾಡಾಕತ್ತೀರಿ, ನಾ ಡಬ್ಬಿದು ಕೇಳ್ತೀನ್ರಿ. ನಮ್ಮ ರೈತರ ಮನ್ಯಾಗ ಅದು ಎಲ್ಲಿರ್ತೈತಿ ಗೊತ್ತೇನ್ರಿ? ಮಂಚದ ಕೆಳಗ, ದನದ ಕೊಟ್ಟಿಗಿ ಗೂಟಕ್ಕ. ಸಿಟ್ಟು ಬಂದಾಗ ಕೈಗೆ ಸಿಗೂದು ಅದ. ನಂಗ ಅನಸೂದು, ಭಾಳ ಮಂದಿ ಸಾಯಬೇಕಂತ ವಾರಗಟ್ಟಲೆ ವಿಚಾರ ಮಾಡಿದವ್ರಲ್ಲ. ಅರ್ಧ ತಾಸಿನ ಸಿಟ್ಟು.

ನಾ ಒಂದು ರೂಢಿ ಮಾಡ್ಕೊಂಡೀನ್ರಿ. ಗುರುತಿಲ್ಲದವ ಬಂದು ಎಣ್ಣಿ ಕೇಳಿದ್ರ, ‘ಯಾವ ಬೆಳಿಗೆ, ಎಷ್ಟು ಎಕರೆ, ಏನು ಹುಳ ಬಿದ್ದೈತಿ’ ಅಂತ ಕೇಳ್ತೀನಿ. ಹತ್ತಿ ಹಾಕಿದವ ಹುಳದ ಬಣ್ಣ ಸೈತ ಹೇಳ್ತಾನ. ತಡವರಿಸಿದ್ರ, ‘ಸ್ಟಾಕ್ ಒಳಗೈತಿ, ಹುಡುಗ ಬರ್ತಾನ ಕುಂದ್ರಿ’ ಅಂತ ಚಾ ತರಿಸ್ತೀನಿ. ಒಂದ್ಸಲ ಒಬ್ಬ ಚಾ ಮುಟ್ಟಲಿಲ್ಲ, ಹಂಗ ಅಳಾಕ ಶುರು ಮಾಡಿದ. ಅವರ ಮಾವಗ ಫೋನ್ ಹಚ್ಚಿ ಕರಿಸಿದೆ. ಈಗೂ ಮೆಣಸಿನಕಾಯಿ ಬೀಜಕ್ಕ ನನ್ನ ಕಡೀನ ಬರ್ತಾನ್ರಿ, ನಾ ಏನೂ ನೆನಸಂಗಿಲ್ಲ, ಅವನೂ ನೆನಸಂಗಿಲ್ಲ.

ಕೇಳೋದು ಏನಪಾ ಅಂದ್ರ, ಮನಿಗೊಂದು ಕೀಲಿ ಹಾಕೋ ಪೆಟ್ಟಿಗಿ ಕೊಟ್ರ ಉಪಯೋಗ ಆಕ್ಕೈತೇನ್ರಿ?

ಅಂಕಿಗಣಪ | ಸಂಜೆ 7.25

ಬಸಣ್ಣಾರೇ, ನೀವು ಚಾ ಕೊಡಿಸಿ ಮಾಡ್ತಿರೋದಕ್ಕೆ ನಮ್ಮ ಪುಸ್ತಕದಲ್ಲಿ ಉದ್ದನೆ ಹೆಸರಿದೆ. ಸಾಧನಕ್ಕೂ ಸಂಕಟಕ್ಕೂ ನಡುವೆ ಸ್ವಲ್ಪ ಹೊತ್ತು, ಸ್ವಲ್ಪ ದೂರ ಇಡೋದು. ಆ ಹೊತ್ತು ಕಳೆದ್ರೆ ಬಹಳ ಜನ ಉಳೀತಾರೆ. ‘ಇವತ್ತು ತಡೆದ್ರೆ ನಾಳೆ ಮಾಡ್ಕೋತಾರೆ’ ಅನ್ನೋ ಮಾತು ಸುಳ್ಳು. ಒಮ್ಮೆ ಯತ್ನ ಮಾಡಿ ಬದುಕಿದವರಲ್ಲಿ ಹತ್ತಕ್ಕೆ ಒಂಬತ್ತು ಜನ ಮುಂದೆ ಆ ದಾರಿಯಲ್ಲಿ ಸಾಯೋದಿಲ್ಲ. ಇದು ಎಷ್ಟೋ ದೇಶಗಳ ಅಧ್ಯಯನಗಳಿಂದ ಬಂದ ಮಾತು.

ಪೆಟ್ಟಿಗೆ ವಿಷಯ ಸ್ವಾರಸ್ಯ. ಶ್ರೀಲಂಕಾದ ಅನುರಾಧಪುರ ಕಡೆ 180 ಹಳ್ಳಿ, 53,382 ಮನೆ ತಗೊಂಡು ಅರ್ಧದಷ್ಟು ಹಳ್ಳಿಗಳಲ್ಲಿ ರೈತರ ಮನೆಮನೆಗೂ ಬೀಗದ ಪೆಟ್ಟಿಗೆ ಕೊಟ್ಟರು. ಎಲ್ಲರಿಗೂ ಅದು ಗೆದ್ದೇ ಗೆಲ್ಲುತ್ತೆ ಅಂತಿತ್ತು. 2017ರಲ್ಲಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಫಲಿತಾಂಶ ಬಂತು: ಪೆಟ್ಟಿಗೆ ಕೊಟ್ಟ ಹಳ್ಳಿಗೂ ಕೊಡದ ಹಳ್ಳಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇಲ್ಲ. ಕೀಲಿ ಮನೆಯೊಳಗೇ ಇರುತ್ತಲ್ಲ.

ಅದೇ ಶ್ರೀಲಂಕಾದಲ್ಲಿ ಕೆಲಸ ಮಾಡಿದ್ದು ಬೇರೆ. ಅತಿ ವಿಷದ ಕೀಟನಾಶಕಗಳನ್ನ ಎಂಬತ್ತರ ದಶಕದಿಂದ ಒಂದೊಂದಾಗಿ ನಿಷೇಧಿಸುತ್ತಾ ಬಂದರು. 1995ರಲ್ಲಿ ಲಕ್ಷಕ್ಕೆ 57 ಇದ್ದ ಆತ್ಮಹತ್ಯೆ 2015ಕ್ಕೆ 17ಕ್ಕೆ ಇಳೀತು. ಇಪ್ಪತ್ತು ವರ್ಷದಲ್ಲಿ ಸುಮಾರು 93,000 ಜೀವ ಉಳೀತು ಅಂತ ಸಂಶೋಧಕರ ಅಂದಾಜು. ಬೆಳೆ ಇಳುವರಿ ಬಿದ್ದುಹೋಗುತ್ತೆ ಅಂತ ಹೆದರಿದ್ರು, ಹಾಗೇನೂ ಆಗಲಿಲ್ಲ.

ತಮಿಳುನಾಡಿನ ಕಾಟ್ಟುಮನ್ನಾರ್‌ಕೋಯಿಲ್ ಹತ್ತಿರ ಇನ್ನೊಂದು ದಾರಿ ನೋಡಿದರು. ಮನೆ ಪೆಟ್ಟಿಗೆ ಬದಲು ಊರಿಗೆಲ್ಲ ಸೇರಿ ಒಂದು ಕಟ್ಟಡ, ಬ್ಯಾಂಕ್ ಲಾಕರ್ ಥರ. ಪ್ರತಿ ರೈತನಿಗೂ ಒಂದು ಖಾನೆ, ಎರಡು ಕೀಲಿ. ಒಂದು ಅವನ ಹತ್ತಿರ, ಇನ್ನೊಂದು ಅಲ್ಲಿ ನೋಡ್ಕೊಳ್ಳೋರ ಹತ್ತಿರ. ಡಾ. ಲಕ್ಷ್ಮಿ ವಿಜಯಕುಮಾರ್ ಅವರ ತಂಡದ್ದು, 1986ರಲ್ಲಿ ಚೆನ್ನೈನಲ್ಲಿ ಆತ್ಮಹತ್ಯೆ ತಡೆಯೋ ಸಂಸ್ಥೆ ‘ಸ್ನೇಹಾ’ ಶುರು ಮಾಡಿದವರು. 2013ರ ಅವರ ವರದಿಯಲ್ಲಿ ಫಲ ಚೆನ್ನಾಗಿತ್ತು. ಆದರೆ ಎರಡೇ ಹಳ್ಳಿ, ಅದರ ಮೇಲೆ ದೊಡ್ಡ ಮಾತಾಡೋದು ಬೇಡ.

ಬಸಣ್ಣ ಆಗ್ರೊ | ಸಂಜೆ 7.50

ಊರಿಗೊಂದು ಖೋಲಿ ಅಂದ್ರ ಸಂಜಿ ಮುಂದ ಅಲ್ಲಿ ನಾಕ ಮಂದಿ ಕುಂತಿರ್ತಾರ್ರೀ. ಕೀಲಿಕಿಂತ ಅದ ಕೆಲಸ ಮಾಡಿರ್ಬೇಕು.

ಪುಟ ಮೂರು | ರಾತ್ರಿ 9.05

ನಾನು ಜಿಲ್ಲಾ ಆವೃತ್ತಿಯ ಡೆಸ್ಕಿನಲ್ಲಿದ್ದೀನಿ. ‘ಸಾಲಬಾಧೆ ತಾಳಲಾರದೆ’, ‘ತಾಯಿ ಬೈದಿದ್ದಕ್ಕೆ’, ‘ಅಂಕ ಕಡಿಮೆ ಬಂದಿದ್ದಕ್ಕೆ’ ಈ ಮೂರು ತಲೆಬರಹ ನಮ್ಮ ಕೀಬೋರ್ಡಿಗೆ ಬಾಯಿಪಾಠ. ಪ್ರೆಸ್ ಕೌನ್ಸಿಲ್ 2019ರಲ್ಲೇ ಹೇಳಿದೆ, ವಿಧಾನ ಬರೀಬೇಡಿ, ಜಾಗ ಬರೀಬೇಡಿ, ಒಂದೇ ಕಾರಣಕ್ಕೆ ಕಟ್ಟಿಹಾಕಬೇಡಿ ಅಂತ. ರಾತ್ರಿ ಹತ್ತೂವರೆಗೆ ಎರಡು ಕಾಲಂ ಖಾಲಿ ಇದ್ದಾಗ ಯಾರಿಗೂ ನೆನಪಾಗಲ್ಲ. ನನ್ನನ್ನೂ ಸೇರಿಸಿ ಹೇಳ್ತಿದ್ದೀನಿ.

ವಿಯೆನ್ನಾದಲ್ಲಿ ಎಂಬತ್ತರ ದಶಕದಲ್ಲಿ ಮೆಟ್ರೋ ಸಾವುಗಳನ್ನ ಪತ್ರಿಕೆಗಳು ಮುಖಪುಟದಲ್ಲಿ ಹಾಕ್ತಿದ್ವು, ಸಾವೂ ಏರ್ತಿತ್ತು. 1987ರಲ್ಲಿ ಅಲ್ಲಿನ ತಜ್ಞರು ಸಂಪಾದಕರ ಜೊತೆ ಕೂತು ಮಾರ್ಗಸೂಚಿ ಮಾಡಿಕೊಂಡರು. ವರದಿಗಾರಿಕೆ ಬದಲಾದ ಕೆಲವೇ ತಿಂಗಳಲ್ಲಿ ಅಂಥ ಘಟನೆಗಳು ನೂರಕ್ಕೆ 75ಕ್ಕಿಂತ ಹೆಚ್ಚು ಇಳಿದವು. ಅದೇ ಊರಿನವರು 2010ರಲ್ಲಿ ಇನ್ನೊಂದು ಕಂಡುಕೊಂಡರು: ಆ ಘಟ್ಟಕ್ಕೆ ಹೋಗಿ ಯತ್ನ ಮಾಡದೆ ಹಿಂದಿರುಗಿದವರ ಕಥೆ ಬಂದ ವಾರಗಳಲ್ಲಿ ಸಾವು ಕಡಿಮೆ. ಕಾನೂರು ಅವರ ಹಂಡೆ ಒಲೆ ಓದಿದಾಗ ನನಗೆ ಅದೇ ನೆನಪಾಯ್ತು. ನಮ್ಮ ಪುಟದಲ್ಲಿ ಹಂಡೆ ಒಲೆಗೆ ಯಾವತ್ತೂ ಜಾಗ ಇರಲಿಲ್ಲ.

ತಂಗಿ | ರಾತ್ರಿ 11.50

ನಮ್ಮಣ್ಣ ಹೋಗಿ ನಾಲ್ಕು ವರ್ಷ. ಪ್ರತಿ ಸೆಪ್ಟೆಂಬರ್ 10ಕ್ಕೆ, ಆತ್ಮಹತ್ಯೆ ತಡೆ ದಿನ ಅಂತ, ವಾಟ್ಸಾಪಿನಲ್ಲಿ ಈ ಲಕ್ಷಣಗಳ ಪಟ್ಟಿ ಬರುತ್ತೆ. ‘ಸಾವನ್ನು ತಡೆಯಬಹುದು, ಗಮನಿಸಿದರೆ ಸಾಕು’ ಅಂತ ಮೇಲೆ ಬರೆದಿರುತ್ತೆ. ಹಾಗಾದ್ರೆ ನಾವು ಗಮನಿಸಲಿಲ್ಲ ಅಂತ ತಾನೆ? ಪ್ರತಿ ಸಲ ಓದ್ತೀನಿ. ಅವನು ವಾಚ್ ಕೊಟ್ಟಿದ್ನಾ? ಇಲ್ಲ. ಹಿಂದಿನ ವಾರ ಗ್ಯಾಸ್ ಬುಕ್ ಮಾಡಿದ್ದ. ಗ್ಯಾಸ್ ಬುಕ್ ಮಾಡೋದು ಯಾವ ಪಟ್ಟಿಯಲ್ಲಿದೆ?

ಅಂಕಿಗಣಪ ಅವರ ಹತ್ತು ಸಾವಿರದ ಲೆಕ್ಕವನ್ನ ಎರಡು ಸಲ ಓದಿದೆ. ಗಣಿತ ನನಗೆ ಬರಲ್ಲ. ಆದ್ರೂ ಇವತ್ತು ನಿದ್ದೆ ಬರಬಹುದು.

ಚಾಕ್‌ಪೀಸ್ | ಬುಧವಾರ ಬೆಳಗ್ಗೆ 6.10

ತಂಗಿ, ಹುಡುಗ ರೆಕಾರ್ಡಿಗೆ ಡೇಟ್ ಹಾಕಿಸಿಕೊಂಡಿದ್ದು, ನಿಮ್ಮಣ್ಣ ಗ್ಯಾಸ್ ಬುಕ್ ಮಾಡಿದ್ದು, ಎರಡೂ ಒಂದೇ ಅನ್ನಿಸ್ತು. ನಾಳೆ ಇರ್ತೀನಿ ಅಂದುಕೊಂಡವರ ಕೆಲಸ ಅದು. ನಾಳೆ ಇರ್ತೀನಿ ಅಂತ ಅವರಿಗೂ ಅನ್ನಿಸಿರಬೇಕು.

ಒಪಿಡಿ ಅಕ್ಕ | ಬೆಳಗ್ಗೆ 7.05

ಹೌದು. ಬದುಕಬೇಕು ಅನ್ನೋದೂ ಸಾಯಬೇಕು ಅನ್ನೋದೂ ಒಬ್ಬರೊಳಗೇ ಒಟ್ಟಿಗೆ ಇರುತ್ತೆ, ಗಂಟೆಗಂಟೆಗೂ ಏರಿಳಿಯುತ್ತೆ. ತಂಗಿ, ನಿಮ್ಮಂಥ ಮನೆಯವರ ಜೊತೆಯೂ ನಾವು ಮಾತಾಡ್ತೀವಿ. 14416 ಯತ್ನ ಮಾಡೋರಿಗೆ ಮಾತ್ರ ಅಲ್ಲ.

ಕೋರ್ಟ್ ಹಾಲ್ | ಬೆಳಗ್ಗೆ 10.15

ಕಾನೂರು ಅವರು ‘ಜ್ವರ ಬಂದಿತ್ತು ಅಂತ ಹೇಳಿದ್ವಿ’ ಅಂದಿದ್ದಕ್ಕೆ ಒಂದು ಮಾತು. ಪೊಲೀಸ್ ಕೇಸಿನ ಹೆದರಿಕೆಗೆ ಎಷ್ಟೋ ಮನೆಯವರು ಆಸ್ಪತ್ರೆಯಲ್ಲೇ ಸುಳ್ಳು ಹೇಳ್ತಾರೆ, ಆಗ ಕೌನ್ಸೆಲಿಂಗೂ ತಪ್ಪುತ್ತೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ ಯತ್ನ ಮಾಡಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಭಾವಿಸಬೇಕು, ಶಿಕ್ಷಿಸೋ ಹಾಗಿಲ್ಲ, ಆರೈಕೆ ಕೊಡೋದು ಸರ್ಕಾರದ ಹೊಣೆ. ಯತ್ನವನ್ನೇ ಅಪರಾಧ ಅಂತಿದ್ದ ಐಪಿಸಿಯ ಹಳೇ 309ನೇ ಸೆಕ್ಷನ್ ಕೂಡ 2024ರ ಜುಲೈ 1ರಿಂದ ಬಂದ ಹೊಸ ನ್ಯಾಯ ಸಂಹಿತೆಯಲ್ಲಿಲ್ಲ. ಸರ್ಕಾರಿ ನೌಕರರ ಮೇಲೆ ಒತ್ತಡ ಹಾಕೋಕೆ ಯತ್ನಿಸಿದರೆ ಮಾತ್ರ ಬೇರೆ ಸೆಕ್ಷನ್ ಇದೆ. ಆಸ್ಪತ್ರೆಯವರು ಪೊಲೀಸರಿಗೆ ತಿಳಿಸೋ ದಾಖಲೆ, ಅಂದ್ರೆ ಎಂಎಲ್‌ಸಿ ಬರೆದರೂ ಗಾಬರಿ ಬೇಡ, ನಿಜ ಹೇಳಿ.

ಸುಮ್ನಿರೋನು | ಬೆಳಗ್ಗೆ 10.40

ನಾನು ಮೊನ್ನೆ ಹೇಳಿದ್ದನ್ನ ಅರ್ಧ ವಾಪಸ್ ತಗೋತೀನಿ. ಆದ್ರೂ ಮೇಷ್ಟ್ರಿಗೆ ಉತ್ತರ ಸಿಕ್ಕಿಲ್ಲ. ಕಾಲೇಜಿನಲ್ಲಿ ಏನು ಮಾಡಬೇಕು?

ಅಂಕಿಗಣಪ | ಬೆಳಗ್ಗೆ 11.30

ಯುರೋಪಿನ 10 ದೇಶ, 168 ಶಾಲೆ, 11,110 ಮಕ್ಕಳ ಮೇಲೆ ದನುತಾ ವಾಸೆರ್ಮನ್ ತಂಡ ಮೂರು ದಾರಿ ಹೋಲಿಸಿ 2015ರಲ್ಲಿ ಪ್ರಕಟಿಸಿದೆ. ಒಂದು, ಮೇಷ್ಟ್ರಿಗೆ ಲಕ್ಷಣ ಗುರುತಿಸೋ ತರಬೇತಿ. ಎರಡು, ಮಕ್ಕಳಿಗೆ ಪ್ರಶ್ನಾವಳಿ ಕೊಟ್ಟು ಹೆಚ್ಚು ಅಂಕ ಬಂದವರನ್ನ ತಜ್ಞರ ಹತ್ತಿರ ಕಳಿಸೋದು. ಮೂರು, ಮಕ್ಕಳ ಜೊತೆಯೇ ಕೆಲವು ಗಂಟೆ ಕೂತು, ಮನೆ ಜಗಳ, ಫೇಲಾಗೋದು, ಗೆಳೆಯ ಹೀಗೆ ಹೇಳಿದ್ರೆ ನೀನೇನು ಮಾಡ್ತೀಯ, ಇಂಥದ್ದನ್ನ ನಾಟಕ ಮಾಡಿಸಿ ಮಾತಾಡಿಸೋದು. ವರ್ಷದ ಮೇಲೆ ನೋಡಿದಾಗ ಮೂರನೆಯದರಲ್ಲಿ ಯತ್ನಗಳು ಹತ್ತಿರಹತ್ತಿರ ಅರ್ಧಕ್ಕೆ ಇಳಿದಿದ್ವು. ಮೊದಲ ಎರಡರಲ್ಲಿ ಗಟ್ಟಿಯಾದ ವ್ಯತ್ಯಾಸ ಕಾಣಲಿಲ್ಲ. ಮಕ್ಕಳು ಮೊದಲು ಹೇಳ್ಕೊಳ್ಳೋದು ಮಕ್ಕಳ ಹತ್ತಿರ, ಮೇಷ್ಟ್ರ ಹತ್ತಿರ ಅಲ್ಲ.

ಚಾಕ್‌ಪೀಸ್ | ಎರಡು ವಾರದ ನಂತರ, ಭಾನುವಾರ ಸಂಜೆ 5.20

ಸಿಲೆಬಸ್ ಮುಗಿಸೋ ಗಡಿಬಿಡಿಯಲ್ಲಿ ನಾಟಕಕ್ಕೆ ಪಿರಿಯಡ್ ಸಿಕ್ಕಿಲ್ಲ. ಎನ್‌ಎಸ್‌ಎಸ್ ಕ್ಯಾಂಪಿನಲ್ಲಿ ಮಾಡಿಸ್ತೀನಿ ಅಂತ ಪ್ರಿನ್ಸಿಪಾಲರ ಬಾಯಲ್ಲಿ ಹ್ಞೂಂ ಅನ್ನಿಸಿದ್ದೀನಿ. 14416 ಮಾತ್ರ ಲ್ಯಾಬಿನ ಬಾಗಿಲ ಮೇಲೆ ಬರೆಸಿದೆ. ಎರಡನೇ ದಿನ ಯಾರೋ ಅದರ ಕೆಳಗೆ ‘ಹುಡುಗಿ ನಂಬರಾ?’ ಅಂತ ಬರೆದಿದ್ದಾರೆ. ಅಳಿಸಲಿಲ್ಲ, ಅದನ್ನ ಓದೋಕಾದ್ರೂ ನಿಲ್ತಾರೆ.

ಜೆರಾಕ್ಸ್ ಹಾಳೆ ತಿರುಗಿಸಿ, ಹಿಂಬದಿಯಲ್ಲಿ ಗೆರೆ ಎಳೆದು, ವಾರದಿಂದ ಕಾಲೇಜಿಗೆ ಬರದ ಆರು ಮಕ್ಕಳ ಹೆಸರು, ಎದುರಿಗೆ ತಾರೀಖು ಬರ್ಕೊಂಡೆ. ಶನಿವಾರಕ್ಕೆ ಇಬ್ಬರಿಗೆ ಫೋನ್. ಮೊದಲನೆಯವಳಿಗೆ ಟೈಫಾಯ್ಡ್. ಎರಡನೆಯವನು ‘ಸರ್, ಅಟೆಂಡೆನ್ಸ್ ಶಾರ್ಟೇಜಾ?’ ಅಂದ. ಅಲ್ಲಪ್ಪ, ಸುಮ್ನೆ ಮಾಡಿದೆ ಅಂದೆ. ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಿದ್ವಿ. ಒಪಿಡಿ ಅಕ್ಕ ಹೇಳಿದ ಹತ್ತು ಸೆಕೆಂಡು ನೆನಪಿಟ್ಟುಕೊಂಡು ಎಣಿಸ್ತಿದ್ದೆ. ಏಳಕ್ಕೆ ಅವನೇ, ‘ಸರ್, ಅಪ್ಪ ಬೋರ್‌ವೆಲ್ ಲಾರಿಗೆ ಹೋಗ್ತಾರೆ, ಮೂರು ತಿಂಗಳಿಂದ ಫೋನ್ ಇಲ್ಲ’ ಅಂತ ಶುರು ಮಾಡಿದ. ನಲವತ್ತು ನಿಮಿಷ. ಕೇಳಲೇಬೇಕಾದ ಪ್ರಶ್ನೆಯನ್ನೂ ಕೇಳಿದೆ, ಗಂಟಲು ಒಣಗಿತ್ತು. ‘ಹಿಂದಿನ ತಿಂಗಳು ಅನ್ನಿಸ್ತಿತ್ತು ಸರ್, ಈಗಿಲ್ಲ’ ಅಂದ. ಸೋಮವಾರ ಅವನ ಚಿಕ್ಕಮ್ಮನ ಜೊತೆ ಜಿಲ್ಲಾಸ್ಪತ್ರೆಗೆ ಹೋಗೋದು ಅಂತಾಗಿದೆ. ಅವನ ಮುಂದೆ ಮುಂದಿನ ಗುರುವಾರದ ತಾರೀಖು ಹಾಕಿದ್ದೀನಿ.

ಕಾನೂರು ಅಡಿಕೆ | ಸಂಜೆ 5.48

ಗುರುವಾರ ಫೋನ್ ಮಾಡ್ತೀನಿ ಅಂತ ಅವನಿಗೆ ಹೇಳಿದ್ದೀರಾ? ಹೇಳಿ. ನಾನು ಬುಧವಾರಗಳನ್ನ ಅದರ ಮೇಲೇ ದಾಟ್ತಿದ್ದೆ.

ಚಾಕ್‌ಪೀಸ್ | ಸಂಜೆ 5.50

ಹೇಳಿಲ್ಲ. ಈಗಲೇ ಮೆಸೇಜ್ ಹಾಕ್ತೀನಿ.

ಬಸಣ್ಣ ಆಗ್ರೊ | ರಾತ್ರಿ 8.15

ಮೇಷ್ಟ್ರ, ನಮ್ಮ ಅಂಗಡಿ ಗುಮಾಸ್ತನ ಮಗ ನಿಮ್ಮ ಕಡೀ ಕಾಲೇಜಿಗೆ ಬರ್ತಿದ್ನ್ರಿ, ದೀಪಾವಳಿ ಆದಮ್ಯಾಗ ಮನಿ ಬಿಟ್ಟು ಹೊರಗ ಬಂದಿಲ್ಲ. ಅವರಪ್ಪನ್ನ ಕೇಳಿ ನಂಬರ್ ನಿಮಗ ಇನ್‌ಬಾಕ್ಸಿನ್ಯಾಗ ಹಾಕಲೇನ್ರಿ?

ಚಾಕ್‌ಪೀಸ್ | ರಾತ್ರಿ 8.20

ಹಾಕಿ ಬಸಣ್ಣ. ಹಾಳೆಯಲ್ಲಿ ಜಾಗ ಇದೆ.